ನದಿ ರಾಫ್ಟಿಂಗ್: ಮೈಗೆ ಜಾಕೆಟ್ ಇದ್ದರೂ ತಲೆಗೆ ಹೆಲ್ಮೆಟ್ ಏಕೆ?

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿ, ದಾಂಡೇಲಿ ಭಾಗದ ಕಾಳಿ ನದಿಗೆ ರಾಫ್ಟಿಂಗ್‌ಗಾಗಿ ದೂರದ ಊರುಗಳಿಂದ ಪ್ರವಾಸಿಗರು ಬರುತ್ತಾರೆ. ಮೇಲ್ಭಾಗದ ಸೂಪಾ ಅಣೆಕಟ್ಟೆಯಿಂದ ಹೊರಬಿಡುವ ನೀರಿನ ಪ್ರಮಾಣಕ್ಕೆ ತಕ್ಕಂತೆ ಇಲ್ಲಿನ ಹರಿವು ಬದಲಾಗುತ್ತದೆ. ಬೆಳಿಗ್ಗೆ ಕಾಣುತ್ತಿದ್ದ ಬಂಡೆ ಮಧ್ಯಾಹ್ನ ನೀರಿನಡಿ ಇರಬಹುದು. ಅನುಮತಿ ನೀಡುವ ಅಧಿಕಾರ ಯಾವ ಇಲಾಖೆಯದೇ ಆಗಿರಲಿ, ಇಂತಹ ನದಿಗಳಲ್ಲಿ ಅವಘಡವಾದಾಗ ದಂಡೆಗೆ ಮೊದಲು ಧಾವಿಸುವವರು ಗ್ರಾಮಸ್ಥರು ಹಾಗೂ ಪಂಚಾಯತಿ ಸದಸ್ಯರು. ಆದುದರಿಂದ ರಕ್ಷಣಾ ಸಾಧನಗಳ ಪರಿಚಯ ಸದಸ್ಯರಿಗೆ ಇರುವುದು ಅಗತ್ಯ.

ಜಾಕೆಟ್ ಮತ್ತು ಹೆಲ್ಮೆಟ್ ಒಂದೇ ಕೆಲಸ ಮಾಡುವುದಿಲ್ಲ. ನೀರಿನಲ್ಲಿ ಮನುಷ್ಯನ ದೇಹದ ಭಾರ ಬಹುಪಾಲು ಇಲ್ಲವಾಗುವುದರಿಂದ, ಸಾಮಾನ್ಯ ವಯಸ್ಕನ ತಲೆ ನೀರಿನ ಮೇಲಿರಲು ಸುಮಾರು 3ರಿಂದ 5 ಕಿಲೋಗ್ರಾಂನಷ್ಟು ಹೆಚ್ಚುವರಿ ತೇಲಿಸುವ ಬಲ ಸಾಕು. ಆದರೆ ನೊರೆಯೆದ್ದ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ಎತ್ತುವ ಶಕ್ತಿ ಕಡಿಮೆ. ಈಜು ಬಲ್ಲವನೂ ಅಲ್ಲಿ ಮುಳುಗುತ್ತಾನೆ. ಜಾಕೆಟ್ ಆತನನ್ನು ತೇಲಿಸುತ್ತದೆಯೇ ಹೊರತು ಬಂಡೆಯಿಂದ ಕಾಪಾಡುವುದಿಲ್ಲ. ದೋಣಿ ಮಗುಚಿದಾಗ ತಲೆ ಬಂಡೆಗೆ ಬಡಿಯಬಹುದು, ಪಕ್ಕದವರ ಹುಟ್ಟಿನ ಹಿಡಿಯೇ ಮುಖಕ್ಕೆ ತಾಗಬಹುದು. ಪ್ರಜ್ಞೆ ತಪ್ಪಿದವನು ತನ್ನನ್ನು ತಾನು ಉಳಿಸಿಕೊಳ್ಳಲಾರ. ಹೆಲ್ಮೆಟ್ ಬೇಕಾಗುವುದು ಇದಕ್ಕಾಗಿ.

ದ್ವಿಚಕ್ರ ವಾಹನದ ಹೆಲ್ಮೆಟ್ ಇದಕ್ಕೆ ಬದಲಿಯಾಗದು. ಅದರೊಳಗೆ ತುಂಬಿದ ನೀರು ಹೊರಹೋಗುವುದಿಲ್ಲ. ಸೆಳೆತವು ಅದನ್ನು ಬಕೆಟ್ಟಿನಂತೆ ಹಿಡಿದೆಳೆದಾಗ ಕುತ್ತಿಗೆಗೇ ಅಪಾಯ. ಜಲಕ್ರೀಡೆಯ ಹೆಲ್ಮೆಟ್ ಹಗುರವಾಗಿದ್ದು, ನೀರು ಸೋರಿಹೋಗಲು ರಂಧ್ರಗಳನ್ನು ಹೊಂದಿರುತ್ತದೆ. ಗಲ್ಲದ ಪಟ್ಟಿ ಹಾಕಿ ಹಿಂದಕ್ಕೆ ತಳ್ಳಿದಾಗ ಹಣೆ ಬರಿದಾದರೆ ಅದು ಆ ತಲೆಯ ಅಳತೆಯದಲ್ಲ.

ಜಾಕೆಟ್ ಪರೀಕ್ಷೆಗೂ ಉಪಕರಣ ಬೇಕಿಲ್ಲ. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಭುಜದ ಭಾಗವನ್ನು ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಅದು ಕಿವಿಯವರೆಗೆ ಜಾರಿದರೆ ನೀರಿನಲ್ಲಿಯೂ ಜಾರುತ್ತದೆ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ತೊಡಿಸುವುದು ಈ ಕಾರಣಕ್ಕೇ ತಪ್ಪು. ಜಾಕೆಟ್ಟುಗಳನ್ನು ರಾಶಿ ಹಾಕಿ ಅವುಗಳ ಮೇಲೆ ಕೂರುವ ಅಭ್ಯಾಸವೂ ಕೆಲವೆಡೆ ಉಂಟು. ಹೀಗೆ ಚಪ್ಪಟೆಯಾದ ಫೋಮ್ ತೇಲಿಸುವ ಬಲವನ್ನು ಕಳೆದುಕೊಳ್ಳುತ್ತದೆ. ಹೊರಬಟ್ಟೆಯ ಬಣ್ಣ ಮಾತ್ರ ಹೊಸದರಂತೆಯೇ ಇರುತ್ತದೆ!

ಎಲ್ಲ ಜಲಕ್ರೀಡೆಗೂ ಒಂದೇ ನಿಯಮ ಹೇರುವುದು ಸರಿಯಲ್ಲ. ಬಂಡೆಗಳಿಲ್ಲದ ಶಾಂತ ಹಿನ್ನೀರಿನಲ್ಲಿ ಹುಟ್ಟು ಹಾಕುವವರಿಗೆ ಜಾಕೆಟ್ ಕಡ್ಡಾಯವಾದರೆ ಸಾಕು. ಅಲ್ಲಿ ಹೆಲ್ಮೆಟ್ಟಿಗೆ ಒತ್ತಾಯಿಸಿದರೆ ಜನರು ಎರಡನ್ನೂ ಹಗುರವಾಗಿ ಕಾಣುತ್ತಾರೆ. ಬಂಡೆಗಳ ನಡುವಿನ ರಭಸದ ಹರಿವಿನಲ್ಲಿ ಮಾತ್ರ ಎರಡೂ ಇಲ್ಲದೆ ಯಾರನ್ನೂ ಇಳಿಸಕೂಡದು. ಛಾಯಾಚಿತ್ರಕ್ಕಾಗಿ ಕ್ಷಣಕಾಲ ಕಳಚುವುದಕ್ಕೂ ಅವಕಾಶವಿರಬಾರದು.

ನೀರಿಗೆ ಬಿದ್ದವರು ಮೇಲ್ಮುಖವಾಗಿ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ ತೇಲಬೇಕು. ರಭಸದಲ್ಲಿ ಎದ್ದು ನಿಲ್ಲಲು ಹೋದರೆ ಪಾದವು ಕಲ್ಲುಗಳ ಸಂದಿಯಲ್ಲಿ ಸಿಲುಕಿ, ನೀರು ದೇಹವನ್ನು ಮುಂದಕ್ಕೆ ಅದುಮುತ್ತದೆ. ದೋಣಿ ಹೊರಡುವ ಮುನ್ನ ಇದನ್ನು ಪ್ರವಾಸಿಗರಿಗೆ ಅವರ ಭಾಷೆಯಲ್ಲಿಯೇ ತಿಳಿಸಬೇಕು.

ಪ್ರವಾಸಿಯು ವರ್ಷಕ್ಕೊಮ್ಮೆ ನದಿಗೆ ಇಳಿದರೆ, ದೋಣಿ ನಡೆಸುವ ಯುವಕನು ದಿನಕ್ಕೆ ಹಲವು ಬಾರಿ ಇಳಿಯುತ್ತಾನೆ. ರೂಢಿಯ ಧೈರ್ಯದಿಂದ ಹೆಲ್ಮೆಟ್ ಬದಿಗಿಡುವ ಮನಸ್ಸು ಆತನಿಗೇ ಹೆಚ್ಚು. ಪಂಚಾಯತಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ, ಪ್ರವಾಸಿಗರ ಸಾಧನಗಳ ಜೊತೆಗೆ ಆ ಯುವಕರ ಹೆಲ್ಮೆಟ್ಟುಗಳ ಲೆಕ್ಕವನ್ನೂ ಸದಸ್ಯರು ಕೇಳುವುದು ಸೂಕ್ತ.