ಖಾಲಿ ಗ್ಯಾಲರಿ ತುಂಬುವ ಬಗೆ

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯವೆಂದರೆ ಟಿಕೆಟ್ಟಿಗಾಗಿ ಪರದಾಟ. ಅದೇ ಅಂಗಳದಲ್ಲಿ ನಮ್ಮದೇ ರಾಜ್ಯದ ಹುಡುಗರು ರಣಜಿ ಪಂದ್ಯ ಆಡುವ ದಿನ ಗೇಟು ತೆರೆದಿಟ್ಟರೂ ಒಳಗೆ ಬರುವವರು ವಿರಳ. ನಿವೃತ್ತರು ಕೆಲವರು, ಕ್ಲಾಸಿಗೆ ಚಕ್ಕರ್ ಹೊಡೆದ ಕಾಲೇಜು ಹುಡುಗರು ಕೆಲವರು, ಆಟಗಾರರ ನೆಂಟರಿಷ್ಟರು ಒಂದಷ್ಟು ಮಂದಿ. ದುಡ್ಡು ಸುರಿದು ಪ್ರಚಾರ ಮಾಡಿದರೆ ಜನ ಬಂದಾರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಪ್ರಾದೇಶಿಕ ಕ್ರಿಕೆಟ್ಟಿನ ಚರಿತ್ರೆ ನೋಡಿದರೆ ಈ ಮಾತನ್ನು ಪೂರ್ತಿ ನಂಬುವಂತಿಲ್ಲ. ಜನ ಬಂದಾಗಲೆಲ್ಲ ಅದಕ್ಕೆ ಕಾರಣವಾದದ್ದು ಹೆಚ್ಚಾಗಿ ತೀರಾ ಸಾಮಾನ್ಯ ಸಂಗತಿಗಳು: ಪಂದ್ಯ ಎಲ್ಲಿ ನಡೆಯಿತು, ಎಷ್ಟು ಹೊತ್ತಿಗೆ ನಡೆಯಿತು, ಆಡುತ್ತಿದ್ದವರು ಯಾರ ಪೈಕಿ.

ಇದಕ್ಕೆ ಮೈಸೂರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 2010ರ ಜನವರಿ 11ರಂದು ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್ ಶುರುವಾದದ್ದು ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ಅದು ವಿಶ್ವವಿದ್ಯಾಲಯದ ಆವರಣ, ಸುತ್ತಲೂ ಮರಗಳು. ಭಾರೀ ಕ್ರೀಡಾಂಗಣದ ಸೌಕರ್ಯ ಯಾವುದೂ ಅಲ್ಲಿರಲಿಲ್ಲ. ಆದರೂ ದಿನದಿಂದ ದಿನಕ್ಕೆ ಜನ ಹೆಚ್ಚುತ್ತಲೇ ಹೋದರು. ಕೂರಲು ಜಾಗ ಸಿಗದವರು ಮರ ಹತ್ತಿದರು. ನಾಲ್ಕನೆಯ ದಿನ ಸಂಕ್ರಾಂತಿ. ಗೆಲುವಿಗೆ 338 ರನ್ ಬೇಕಿದ್ದ ಕರ್ನಾಟಕಕ್ಕೆ ಮನೀಷ್ ಪಾಂಡೆ 144 ಹಾಗೂ ಗಣೇಶ್ ಸತೀಶ್ 75 ರನ್ ಹೊಡೆದು ಆಸೆ ಹುಟ್ಟಿಸಿದ್ದರು. ಆಮೇಲೆ ಅಜಿತ್ ಅಗರ್ಕರ್ ಐದು ವಿಕೆಟ್ ಕಿತ್ತರು. 331ಕ್ಕೆ ಆಟ ಮುಗಿಯಿತು. ಸೋಲು ಬರೀ ಆರು ರನ್ನಿನದು. ಎಳ್ಳು ಬೆಲ್ಲದ ದಿನ ಮೈಸೂರಿಗೆ ಅಷ್ಟು ಕಹಿ ಮತ್ತೊಂದಿರಲಿಲ್ಲ.

ಆ ಜನಸಾಗರವನ್ನು ಯಾವ ಜಾಹೀರಾತು ಸಂಸ್ಥೆಯೂ ಕರೆತಂದದ್ದಲ್ಲ. ದೊಡ್ಡ ಪಂದ್ಯ ಅಪರೂಪಕ್ಕೆ ಊರಿಗೆ ಬಂದಿತ್ತು, ಅಷ್ಟೆ. ಬೆಂಗಳೂರಿನವರಿಗೆ ಹತ್ತರಲ್ಲಿ ಹನ್ನೊಂದನೆಯದಾಗುವ ಪಂದ್ಯ ಮೈಸೂರಿನವರಿಗೆ ಊರ ಜಾತ್ರೆ.

ಈ ಗುಟ್ಟು ಇಂಗ್ಲೆಂಡಿನವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅಲ್ಲಿನ ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯಂಥದು. 18 ಕೌಂಟಿಗಳ ತಂಡಗಳು ಪ್ರಥಮ ದರ್ಜೆ ಕ್ರಿಕೆಟ್ ಆಡುತ್ತವೆ. ಗ್ಲಾಸ್ಟರ್‌ಶೈರ್ ಕೌಂಟಿಯ ಮುಖ್ಯ ಮೈದಾನ ಬ್ರಿಸ್ಟಲ್ ನಗರದಲ್ಲಿದೆ. ಆದರೂ ಆ ತಂಡ 1872ರಲ್ಲಿ ಚೆಲ್ಟನ್‌ಹ್ಯಾಮ್ ಎಂಬ ಊರಿನ ಕಾಲೇಜು ಮೈದಾನಕ್ಕೆ ಹೋಗಿ ಪಂದ್ಯ ಆಡಿತು. ಡಬ್ಲ್ಯು. ಜಿ. ಗ್ರೇಸ್ ಆಡುತ್ತಿದ್ದ ಕಾಲ ಅದು. ಅಂದು ಮೊದಲಾದ ಬೇಸಿಗೆಯ ಕ್ರಿಕೆಟ್ ಉತ್ಸವಕ್ಕೆ 2022ರಲ್ಲಿ 150 ವರ್ಷ ತುಂಬಿತು. ಕಾಲೇಜಿಗೆ ರಜೆ ಇರುವಾಗ ಮೈದಾನದ ಸುತ್ತ ಡೇರೆ ಹಾಕುತ್ತಾರೆ, ಊರಿನವರು ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಾರೆ. ಆಟ ಮುಗಿದ ಮೇಲೆ ಡೇರೆ ಬಿಚ್ಚಿದರೆ ಮುಗಿಯಿತು. ಕ್ರೀಡಾಂಗಣ ಕಟ್ಟುವ, ವರ್ಷವಿಡೀ ಸಾಕುವ ಖರ್ಚು ಇಲ್ಲ.

ಆದರೆ ಊರು ಬದಲಿಸಿದರೆ ಸಾಲದು, ಹೊತ್ತೂ ಹೊಂದಬೇಕು. ಕೌಂಟಿ ಪಂದ್ಯಗಳು ದಿನಗಟ್ಟಲೆ, ಅದರಲ್ಲೂ ಹೆಚ್ಚಾಗಿ ಕೆಲಸದ ದಿನಗಳಲ್ಲಿ ನಡೆಯುತ್ತಿದ್ದವು. ಕಚೇರಿ, ಕಾರ್ಖಾನೆಗೆ ಹೋಗುವವನು ನೋಡುವುದಾದರೂ ಎಂದು? 1963ರಲ್ಲಿ ಜಿಲೆಟ್ ಕಂಪನಿಯ ಪ್ರಾಯೋಜನೆಯಲ್ಲಿ ಒಂದೇ ದಿನಕ್ಕೆ ಮುಗಿಯುವ ನಾಕೌಟ್ ಟೂರ್ನಿ ಆರಂಭವಾಯಿತು. 1965ರಿಂದ ಇಂಟರ್‌ನ್ಯಾಷನಲ್ ಕ್ಯಾವಲಿಯರ್ಸ್ ಎಂಬ ತಂಡ, ನಿವೃತ್ತರೂ ಹಾಲಿ ಆಟಗಾರರೂ ಕೂಡಿದ ತಂಡ, ಭಾನುವಾರ ಮಧ್ಯಾಹ್ನ ಊರೂರಿಗೆ ಹೋಗಿ 40 ಓವರಿನ ಪಂದ್ಯ ಆಡತೊಡಗಿತು. ಬಿಬಿಸಿಯ ಎರಡನೇ ವಾಹಿನಿ ಅದನ್ನು ತೋರಿಸಿತು. ಜನ ಮುಗಿಬೀಳುವುದನ್ನು ಕಂಡ ಆಡಳಿತಗಾರರು 1969ರಲ್ಲಿ ಕೌಂಟಿಗಳಿಗೇ ಭಾನುವಾರದ ಲೀಗ್ ಶುರುಮಾಡಿದರು. ಸಂಜೆಯೊಳಗೆ ಆಟ ಮುಗಿಯಲೆಂದು ಬೌಲರ್ 15 ಗಜಕ್ಕಿಂತ ಹೆಚ್ಚು ದೂರದಿಂದ ಓಡಿಬರುವಂತಿಲ್ಲ ಎಂಬ ನಿಯಮ ಬೇರೆ! ವೇಗದ ಬೌಲರುಗಳು ಗೊಣಗಿದ್ದರೆ ಅವರದೇನೂ ತಪ್ಪಿಲ್ಲ.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದೂ ಹಳಸಿತು. 2002ರಲ್ಲಿ ಬೆನ್ಸನ್ ಅಂಡ್ ಹೆಜಸ್ ಕಪ್ ನಿಂತುಹೋದಾಗ ಆ ಜಾಗಕ್ಕೆ ಏನು ತರುವುದೆಂದು ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಮಾರುಕಟ್ಟೆ ವಿಭಾಗದ ಸ್ಟುವರ್ಟ್ ರಾಬರ್ಟ್‌ಸನ್ ತಲೆ ಕೆಡಿಸಿಕೊಂಡರು. ಮೈದಾನಕ್ಕೆ ಬಾರದವರನ್ನೇ ಹೋಗಿ ಕೇಳಿಸಿದರು: ಏಕೆ ಬರುವುದಿಲ್ಲ? ಪುರುಸೊತ್ತಿಲ್ಲ ಎಂಬ ಉತ್ತರ ಮತ್ತೆ ಮತ್ತೆ ಬಂತು. ಹಾಗಾದರೆ ಸಂಜೆ ಕಚೇರಿ ಬಿಟ್ಟ ಮೇಲೆ ಆರಂಭಿಸಿ ಮೂರು ಗಂಟೆಯೊಳಗೆ ಮುಗಿಸೋಣ ಎಂದರು. ಕೌಂಟಿಗಳ ಮತದಾನದಲ್ಲಿ ಪ್ರಸ್ತಾಪಕ್ಕೆ 11 ಮತ ಪರ, 7 ವಿರುದ್ಧ. ಮೂರು ನಾಲ್ಕು ಮತ ಆಚೀಚೆಯಾಗಿದ್ದರೆ ಟ್ವೆಂಟಿ20 ಅಲ್ಲಿಗೇ ಮುಗಿಯುತ್ತಿತ್ತು.

2003ರ ಜೂನ್ 13ರ ಸಂಜೆ ಮೊದಲ ಪಂದ್ಯಗಳು ನಡೆದವು. ಸಂಗೀತ, ಬೌಂಡರಿ ಪಕ್ಕದಲ್ಲಿ ಬಿಸಿನೀರಿನ ತೊಟ್ಟಿ ಮುಂತಾದ ವೇಷಗಳೂ ಇದ್ದವು. ಅವನ್ನು ಇಂದು ನೆನೆಯುವವರು ಕಡಿಮೆ. ಉಳಿದದ್ದು ಹೊತ್ತಿನ ಲೆಕ್ಕ. 2004ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಮಿಡ್ಲ್‌ಸೆಕ್ಸ್ ಮತ್ತು ಸರ್ರೆ ಪಂದ್ಯಕ್ಕೆ 27,509 ಪ್ರೇಕ್ಷಕರು ಬಂದರು. ಏಕದಿನ ಫೈನಲ್‌ಗಳನ್ನು ಬಿಟ್ಟರೆ, 1953ರ ನಂತರ ಆ ಮೈದಾನದಲ್ಲಿ ಯಾವ ಕೌಂಟಿ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ. ಕೌಂಟಿಗಳ ಗ್ಯಾಲರಿ ತುಂಬಲು ಹುಟ್ಟಿದ ಉಪಾಯ 2008ರಲ್ಲಿ ಐಪಿಎಲ್ ಆಗಿ ನಮ್ಮ ಗ್ಯಾಲರಿಗಳನ್ನೂ ತುಂಬಿತು; ಜೊತೆಗೆ ರಣಜಿಯನ್ನು ಇನ್ನಷ್ಟು ಮೂಲೆಗೂ ತಳ್ಳಿತು.

ತಾರಾ ಆಟಗಾರರನ್ನು ಕರೆತಂದರೆ ರಣಜಿಗೂ ಜನ ಬರುತ್ತಾರೆ ಎನ್ನುವವರಿದ್ದಾರೆ. ಬರುತ್ತಾರೆ, ನಿಜ. 2025ರ ಜನವರಿ 30ರಂದು ದೆಹಲಿ ಮತ್ತು ರೈಲ್ವೇಸ್ ಪಂದ್ಯದಲ್ಲಿ ಹನ್ನೆರಡು ವರ್ಷಗಳ ಬಳಿಕ ವಿರಾಟ್ ಕೊಹ್ಲಿ ರಣಜಿಗೆ ಇಳಿದಾಗ ದೆಹಲಿಯ ಕ್ರೀಡಾಂಗಣಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಜನ ನುಗ್ಗಿದರು. ಪ್ರವೇಶ ಉಚಿತವಾಗಿತ್ತು. ಮರುದಿನ ಕೊಹ್ಲಿ 6 ರನ್ನಿಗೆ ಬೌಲ್ಡ್ ಆದರು. ಜನ ಎದ್ದು ಹೊರಟರು. ಪಂದ್ಯವಿನ್ನೂ ನಡೆಯುತ್ತಲೇ ಇತ್ತು.

ಮೈದಾನಕ್ಕೆ ಬರಲಾಗದವರನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ಬಿಬಿಸಿಯ ಸ್ಥಳೀಯ ಬಾನುಲಿ ಕೇಂದ್ರಗಳು ಕೌಂಟಿ ಪಂದ್ಯಗಳಿಗೆ ಚೆಂಡು ಚೆಂಡಿಗೂ ವೀಕ್ಷಕ ವಿವರಣೆ ಕೊಡುತ್ತವೆ. 2020ರಲ್ಲಿ ಕೊರೊನಾದಿಂದ ಗ್ಯಾಲರಿಗಳು ಮುಚ್ಚಿದ್ದಾಗ ಕೌಂಟಿಗಳು ತಮ್ಮ ಪಂದ್ಯಗಳನ್ನು ಬೆರಳೆಣಿಕೆಯ ಕ್ಯಾಮೆರಾ ಇಟ್ಟು ಅಂತರ್ಜಾಲದಲ್ಲಿ ಉಚಿತವಾಗಿ ತೋರಿಸಿದವು, ಬಾನುಲಿಯ ವಿವರಣೆಯನ್ನೇ ಚಿತ್ರಕ್ಕೆ ಜೋಡಿಸಿ. ಟಿವಿಯವರ ಥಳುಕು ಅದರಲ್ಲಿಲ್ಲ. ಆದರೆ ದೂರದೂರಿನಲ್ಲಿ ಕೆಲಸಕ್ಕಿರುವವನಿಗೆ ತನ್ನ ಕೌಂಟಿಯ ಸುದ್ದಿಯನ್ನು ತನ್ನೂರಿನ ದನಿಯಲ್ಲೇ ಕೇಳುವ ಸುಖ ಸಣ್ಣದಲ್ಲ. ಕನ್ನಡದ ವಿವರಣೆಯೊಂದಿಗೆ ರಣಜಿಯ ಪ್ರತಿ ಪಂದ್ಯವನ್ನೂ ಹೀಗೆ ಕೊಡಲು ಬೇಕಾಗುವುದು ಒಂದು ಮೈಕು, ಎರಡು ಕ್ಯಾಮೆರಾ, ಆಟ ಬಲ್ಲ ಇಬ್ಬರು ಮಾತುಗಾರರು.

ಊರಭಿಮಾನ ನಮ್ಮಲ್ಲಿ ಕಡಿಮೆಯೇನಿಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಬೆಳಗಾವಿ, ಬಿಜಾಪುರ, ಶಿವಮೊಗ್ಗ, ಮಂಗಳೂರುಗಳ ಹೆಸರಲ್ಲಿ ತಂಡ ಕಟ್ಟಿತು. ಹುಬ್ಬಳ್ಳಿ, ಮೈಸೂರುಗಳಿಗೂ ಪಂದ್ಯ ಒಯ್ದಿತು. 2019ರಲ್ಲಿ ಮೋಸದಾಟದ ಆರೋಪಗಳು, ಬಂಧನಗಳು ಬಂದು ಅದು ನಿಂತಿತು. ಇದು ಯಾವ ಪ್ರಚಾರದಿಂದಲೂ ತುಂಬಲಾಗದ ನಷ್ಟ. ತನ್ನೂರಿನ ತಂಡ ಸೋತರೆ ಜನ ಸಹಿಸಿಯಾರು, ಸೋಲನ್ನು ಮಾರಿಕೊಂಡಿತೆಂಬ ಗುಮಾನಿಯನ್ನು ಸಹಿಸಲಾರರು.

2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ರಾಜ್ಯದ ಲೀಗ್ ಮತ್ತೆ ಶುರುವಾಯಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಐಪಿಎಲ್ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ, ಆ ವರ್ಷ ಆಗಸ್ಟ್‌ನಲ್ಲಿ ಈ ಟೂರ್ನಿಯನ್ನು ಬೆಂಗಳೂರಿನಿಂದ ಮೈಸೂರಿಗೆ ಸಾಗಿಸಬೇಕಾಯಿತು. ಪಂದ್ಯಗಳು ನಡೆದದ್ದು ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹೆಸರು ಹೊತ್ತ ಮೈದಾನದಲ್ಲಿ. ಅದು ಹಳೆಯ ಗಂಗೋತ್ರಿ ಗ್ಲೇಡ್ಸ್.