ಹಗ್ಗ ಎಳೆದರೆ ಎದ್ದೇಳುವ ಗರಗಸ

ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮರ ಉರುಳಿದಾಗ ರಸ್ತೆ ಬಿಡಿಸಲು ಬರುವುದು ಪೆಟ್ರೋಲ್ ಚೈನ್ ಸಾ. ಬೊಡ್ಡೆಗೆ ದೊಡ್ಡ ಮಿಷನ್ ಬೇಕು. ಕೊಂಬೆ ಸವರಲು 35–40 ಸಿಸಿಯ ಚಿಕ್ಕದು ಸಾಕು. ಈ ಚಿಕ್ಕವು ಹಳತಾದರೆ ಸೀದಾ ಗುಜರಿಗೆ ಬೀಳುತ್ತವೆ. ಅದು ಅನ್ಯಾಯ, ಏಕೆಂದರೆ ಅವುಗಳಲ್ಲಿ ಬಹಳಷ್ಟು ಸವೆದು ಸತ್ತವಲ್ಲ.

ಅವುಗಳನ್ನು ಎಬ್ಬಿಸುವ ದಾರಿ ಊರಲ್ಲೇ ಇದೆ. ಉಪ್ಪಾರಪೇಟೆಯಿಂದ ಚಿಕ್ಕಪೇಟೆ ದಾಟಿದರೆ ಎಸ್.ಪಿ. ರಸ್ತೆ, ಅದರಾಚೆ ಜೆ.ಸಿ. ರಸ್ತೆ. ಬೇರಿಂಗ್ ಮೇಲಿನ ಸಂಖ್ಯೆ, ಆಯಿಲ್ ಸೀಲಿನ ಅಳತೆ ಹೇಳಿ ಬಿಡಿಭಾಗ ಹುಡುಕಬಹುದಾದ ಸೀಮೆ ಇದು. ಕಂಪನಿಯ ಹೆಸರಿಗಿಂತ ಮಿಲಿಮೀಟರ್ ಮುಖ್ಯ. ಬಿಡಿಭಾಗಕ್ಕಿಂತ ದೊಡ್ಡ ಆಸ್ತಿ ಪಳಗಿದ ಕೈಗಳು. ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು; ಆದರೆ ಯೆಜ್ಡಿ, ಆರ್‌ಎಕ್ಸ್ 100 ಬೈಕುಗಳನ್ನು ಬಿಚ್ಚಿ ಕಲಿತ ಮೆಕ್ಯಾನಿಕ್‌ಗೆ ಚೈನ್ ಸಾ ಎಂಜಿನ್ ಹೊಸದೇನಲ್ಲ. ಅದೂ ಟೂ ಸ್ಟ್ರೋಕ್, ಪೆಟ್ರೋಲಿನಲ್ಲೇ ಆಯಿಲ್ ಕುಡಿಯುವ ಜಾತಿ.

ಬಲ್ಲವರು ಮೊದಲು ಬಿಚ್ಚುವುದು ಸೈಲೆನ್ಸರ್. ಹೊಗೆ ಹೊರಡುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ ಕಾಣುತ್ತದೆ. ನುಣುಪಾಗಿದ್ದರೆ ಮಿಷನ್ ಬದುಕುತ್ತದೆ. ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿರಬೇಕು, ಇಲ್ಲವೇ ಎಲ್ಲೋ ಹೆಚ್ಚುವರಿ ಗಾಳಿ ನುಗ್ಗಿ ಎಂಜಿನ್ ಕಾದಿರಬೇಕು. ಎರಡನೆಯದಾದರೆ ಪಿಸ್ಟನ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಒಡೆದ ಪೆಟ್ರೋಲ್ ಪೈಪು, ಬಿರುಸಾದ ರಬ್ಬರ್, ಸೋರುವ ಕ್ರ್ಯಾಂಕ್ ಸೀಲು ಇವುಗಳನ್ನು ಹುಡುಕದಿದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ. ಈ ಪತ್ತೇದಾರಿಕೆಯೇ ಈ ಕಸುಬಿನ ಜೀವಾಳ.

ಗೀರಿಲ್ಲದೆಯೂ ಸ್ಟಾರ್ಟ್ ಆಗದಿದ್ದರೆ ಅನುಮಾನ ಕಾರ್ಬೊರೇಟರ್ ಮೇಲೆ. ಅಡ್ಡ ಹಿಡಿದರೂ ತಲೆಕೆಳಗೆ ಹಿಡಿದರೂ ಮಿಷನ್ ಓಡಬೇಕಾದ್ದರಿಂದ ಇದರಲ್ಲಿ ಬೈಕಿನಂತೆ ಫ್ಲೋಟ್ ಇರುವುದಿಲ್ಲ; ಆ ಕೆಲಸ ತೆಳು ಪೊರೆಯೊಂದರದ್ದು. ಟ್ಯಾಂಕಿನಲ್ಲೇ ಉಳಿದ ಪೆಟ್ರೋಲು ಅಂಟಾಗಿ, ಪೊರೆ ಗಡಸಾಗಿ ಕೂರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ. ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ. ಎಷ್ಟೋ ಮಿಷನ್‌ಗಳಿಗೆ ಹೊಸ ಪೊರೆ, ಪೈಪು, ಫಿಲ್ಟರ್ ಹಾಕಿದರೆ ಸಾಕು, ಹಗ್ಗ ಎಳೆದಾಗ ಎದ್ದು ಕೂಗುತ್ತವೆ. ಎದ್ದ ಮೇಲೆ ಆಯಿಲ್ ಲೆಕ್ಕ ತಪ್ಪಬಾರದು: 50:1 ಎಂದು ಬರೆದಿರುವ ಮಿಷನ್‌ಗೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. 25:1 ಬೇಡುವ ಹಳೆಯದಕ್ಕೆ 40.

ಚೈನಿನ ಕಥೆ ಸೊಗಸಾದದ್ದು. 1946ರಲ್ಲಿ ಅಮೆರಿಕದ ಒರೆಗಾನ್‌ನ ಮರಕಡಿಯುವ ಜೋಸೆಫ್ ಕಾಕ್ಸ್, ದುಂಬಿಯ ಮರಿಹುಳು ಮರವನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವುದನ್ನು ಕಂಡು ಅದೇ ಬಗೆಯ ಹಲ್ಲು ರೂಪಿಸಿದ. ಇಂದಿನ ಚೈನುಗಳೂ ಆ ವಂಶದವೇ. ಹರಿತ ಮಾಡಲು ಚಿಕ್ಕ ಮಿಷನ್‌ನ ಸಣ್ಣ ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ, ಸುಮಾರು 30 ಡಿಗ್ರಿ ಓರೆ, ಎಲ್ಲ ಹಲ್ಲಿಗೂ ಒಂದೇ ಲೆಕ್ಕದ ಉಜ್ಜು. ಚಕ್ಕೆ ಉದುರಿದರೆ ಹರಿತವಿದೆ; ಹಿಟ್ಟು ಉದುರಿದರೆ ಎಂಜಿನ್ ಸುಮ್ಮನೆ ಏದುಸಿರು ಬಿಡುತ್ತಿದೆ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಚೈನು ಸುತ್ತುವ ಬಾರಿನ ತುದಿ ಮರಕ್ಕೆ ತಗುಲಿದರೆ ಮಿಷನ್ ಮುಖದತ್ತ ಎಗರಬಹುದು. ಆಗ ಚೈನನ್ನು ಹಿಡಿದು ನಿಲ್ಲಿಸುವ ಬ್ರೇಕ್ 1970ರ ದಶಕದಲ್ಲಷ್ಟೇ ಬಳಕೆಗೆ ಬಂತು. ಅದಿಲ್ಲದ ಹಳೆಯ ಮಿಷನ್‌ಗೆ ಜೀವ ಕೊಡಿ, ಒರೆಸಿ ಇಟ್ಟುಕೊಳ್ಳಿ, ಕೆಲಸಕ್ಕೆ ಕೊಂಡೊಯ್ಯಬೇಡಿ.