ಮೊಳೆ ಬೇಡದ ಹಡಗು, ಗ್ರೀಸ್ ಬೇಡುವ ಹಳಿ

1340ರ ದಶಕದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಗೋವೆಯ ಮೇಲೆ ದಂಡೆತ್ತಿ ಹೊರಟಾಗ ಅವನ ಪಡೆಯಲ್ಲಿ 52 ಹಡಗುಗಳಿದ್ದವು. ಕುದುರೆ ಸಾಗಿಸುವ ಎರಡು ಹಡಗುಗಳಿಗೆ ಹಿಂಬದಿ ತೆರೆದೇ ಇತ್ತು; ಸವಾರರು ಒಳಗೇ ಕುದುರೆಯೇರಿ, ಕವಚ ತೊಟ್ಟು, ನೇರ ದಡಕ್ಕೆ ನುಗ್ಗಬಹುದಿತ್ತು. ಇದನ್ನು ಬರೆದಿಟ್ಟವನು ದಂಡಿನ ಜೊತೆಗೇ ಹೋಗಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ ಎಂದು ಲೆಕ್ಕ ಕೊಟ್ಟವನೂ ಅವನೇ.

ಅವನ ಇನ್ನೊಂದು ಟಿಪ್ಪಣಿ ಹಡಗಿನ ಹಲಗೆಗಳ ಬಗ್ಗೆ. ಭಾರತ ಮತ್ತು ಯೆಮನ್‌ನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ. ಬಂಡೆಗೆ ಬಡಿದರೆ ಮೊಳೆ ಹೊಡೆದದ್ದು ಒಡೆಯುತ್ತದೆ, ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎನ್ನುತ್ತಾನೆ. ಹೊಲಿಗೆಗೆ ಇನ್ನೊಂದು ಲಾಭವೂ ಇತ್ತು. ಉಪ್ಪುನೀರಲ್ಲಿ ನೆನೆದ ಮರದೊಳಗಿನ ಕಬ್ಬಿಣದ ಮೊಳೆ ತಾನೂ ಸವೆಯುತ್ತದೆ, ಸುತ್ತಲಿನ ಮರವನ್ನೂ ಹಾಳುಗೆಡವುತ್ತದೆ. ಕತ್ತದ ಹಗ್ಗಕ್ಕೆ ಆ ರೋಗವಿಲ್ಲ.

ಈ ಕರಾವಳಿಯಲ್ಲಿ ಬಂಗುಡೆ ಹಿಡಿಯಲು ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ದೋಣಿಗಳೂ ಹೀಗೆ ಹೊಲಿದವೇ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆಗೆ ಸರಿಯಿತು. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಹೊಲಿಗೆ ಹಡಗು 'ಕೌಂಡಿನ್ಯ' ನೌಕಾಪಡೆಗೆ ಸೇರಿದಾಗ ಎಲ್ಲರೂ ಹೆಮ್ಮೆಪಟ್ಟರು. ಅದನ್ನು ಹೊಲಿಯಲು ಮಾತ್ರ ಕೇರಳದ ಕುಶಲಕರ್ಮಿಗಳೇ ಬರಬೇಕಾಯಿತು!

ಕಬ್ಬಿಣವನ್ನು ದೂರವಿಟ್ಟ ಹಡಗಿನಿಂದ ಉಕ್ಕನ್ನೇ ನೆಚ್ಚಿದ ಕೊಂಕಣ ರೈಲ್ವೆಗೆ ಬರೋಣ. 1990ರಲ್ಲಿ ನಿಗಮ ಹುಟ್ಟಿತು, 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆಯಿತು. ಅದರ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಹೊನ್ನಾವರದ ಶರಾವತಿಯ ಮೇಲೇ ಇದೆ. ಕುಮಟಾದಿಂದ ಭಟ್ಕಳದವರೆಗೆ ಮಳೆ, ಹಿನ್ನೀರು, ಉಪ್ಪುಗಾಳಿಗಳ ನಡುವೆ ಉಕ್ಕು ಮಲಗಿತು.

ಶೀತದೇಶಗಳಲ್ಲಿ ಜೋಡಣೆಗಳ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗುತ್ತದೆ. ಕರಗಿ, ಮತ್ತೆ ಹೆಪ್ಪುಗಟ್ಟಿ ಜೋಡಣೆಯನ್ನು ಸಡಿಲಿಸುತ್ತದೆ. ಕರಾವಳಿಯಲ್ಲಿ ಹಿಮವಿಲ್ಲ ಎಂದು ನೆಮ್ಮದಿಯ ನಿಟ್ಟುಸಿರು ಬಿಡುವಂತಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡುಗಳ ನಡುವೆ ಅದು ಸೇರಿಕೊಂಡರೆ ತಗಡು ಉಬ್ಬುತ್ತದೆ, ಬೋಲ್ಟು ಬಿಗಿದು ಕೂರುತ್ತದೆ.

ಬಿಸಿಲಿಗೆ ಹಿಗ್ಗುವ ಹಳಿ ಜೋಡಣೆಯಲ್ಲಿ ಜಾರಲೇಬೇಕು. ಅದಕ್ಕೇ ರೈಲ್ವೆಯ ಕೈಪಿಡಿ ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ವರ್ಷಕ್ಕೊಮ್ಮೆ ಹಳಿಜೋಡಣೆಗೆ ಎಣ್ಣೆ ಹಚ್ಚಬೇಕೆಂದು ವಿಧಿಸುತ್ತದೆ. ಟ್ರ್ಯಾಕ್‌ಮನ್‌ಗಳು ಬೋಲ್ಟು ಬಿಚ್ಚಿ, ಎರಡು ಹಳಿಗಳನ್ನು ಬೆಸೆಯುವ ಫಿಶ್‌ಪ್ಲೇಟ್ ಕಳಚಿ, ತಂತಿಬ್ರಷ್‌ನಿಂದ ಉಜ್ಜುತ್ತಾರೆ. ಬಿರುಕು ಹುಡುಕಿ, ಗ್ರಾಫೈಟ್ ಕಲಸಿದ ಎಣ್ಣೆ ಬಳಿದು ಮತ್ತೆ ಬಿಗಿಯುತ್ತಾರೆ. ಹಳಿಯನ್ನು ಸ್ಲೀಪರಿಗೆ ಹಿಡಿದಿಡುವ ಕ್ಲಿಪ್ಪುಗಳಿಗೂ ಗ್ರೀಸ್ ಬೇಕು: ಬೇರೆಡೆ ಎರಡು ವರ್ಷಕ್ಕೊಮ್ಮೆ, ತುಕ್ಕಿನ ಸೀಮೆಯಲ್ಲಿ ಪ್ರತಿವರ್ಷ.

ಕಾಂಕ್ರೀಟ್ ಸೇತುವೆಗಳಲ್ಲಿ ಉಕ್ಕು ಒಳಗೆ ಅವಿತಿರುವುದರಿಂದ ಅದರ ಸ್ಥಿತಿ ಸುಲಭಕ್ಕೆ ಕಾಣದು. ಪಕ್ಕದ ಗೋವೆಯಲ್ಲಿ 1970ರಲ್ಲಿ ತೆರೆದ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿಯಿತು. ಒಳಗಿನ ಬಿಗಿತಂತಿಗಳನ್ನು ತುಕ್ಕು ತಿಂದಿತ್ತು. ಕಾರವಾರದ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಮುರಿದು, ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕುಳಿದ. ಸೇತುವೆಗೆ ಆಗಿದ್ದುದು ಕೇವಲ 41 ವರ್ಷ.

ತಮಿಳುನಾಡಿನ 1914ರ ಪಾಂಬನ್ ರೈಲು ಸೇತುವೆಯನ್ನಂತೂ ತುಕ್ಕು ಕೊನೆಗೆ 2022ರಲ್ಲಿ ಸಂಚಾರದಿಂದಲೇ ನಿವೃತ್ತಿಗೊಳಿಸಿತು. 2025ರ ಏಪ್ರಿಲಿನಲ್ಲಿ ತೆರೆದ ಹೊಸ ಪಾಂಬನ್‌ನಲ್ಲಿ ಬೆಸುಗೆ ಹಾಕಿದ ಜೋಡಣೆಗಳಿವೆ, ಸ್ಟೇನ್‌ಲೆಸ್ ಉಕ್ಕಿನ ಸರಳುಗಳಿವೆ, ತುಕ್ಕು ತಡೆಯುವ ಪಾಲಿಸಿಲಾಕ್ಸೇನ್ ಬಣ್ಣವಿದೆ. ಕಾಳಿಗೆ ಹೊಸ ಸೇತುವೆ ಕಟ್ಟುವವರ ಟೆಂಡರಿನಲ್ಲಿ ಉದ್ದ, ಅಗಲ, ಗಡುವುಗಳ ಜೊತೆ ಈ ಮೂರು ಸಾಲುಗಳಿಗೂ ಜಾಗ ಬೇಕು. ಅವುಗಳ ಕೆಳಗೆ, ಮುಂದಿನ ಪ್ರತಿವರ್ಷದ ತಪಾಸಣೆಯ ಖರ್ಚಿಗೂ.